ಚಂದ್ರಮೌಳಿಯವರ ಕಾರು

ಶುಕ್ರವಾರ ಸಂಜೆ ಸಾಲಗಾಮೆ ರಸ್ತೆಯ ಏರಿನಲ್ಲಿ ಕಾರು ಬುಸ್ಸೆಂದು ಬಿಳಿ ಹೊಗೆ ಬಿಟ್ಟು ನಿಂತುಹೋಯಿತು. ಗಿರಿಧರ ದಾರಿಹೋಕರ ಕೈಕಾಲು ಹಿಡಿದು ಇನ್ನೂ ಹೊಗೆಯಾಡುತ್ತಿದ್ದ ಅದನ್ನು ಮನೆವರೆಗೆ ತಳ್ಳಿಸಿಕೊಂಡು ಬಂದ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿದರೆ, ಕಪ್ಪಗಿರಬೇಕಾದ ಆಯಿಲ್ಲು ಹಾಲು ಹೆಚ್ಚಾದ ಕಾಫಿಯ ಹಾಗಿತ್ತು. ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿದ ಮೇಲೆ ರೋಗ ಗೊತ್ತಾಯಿತು. ಎಂಜಿನ್ನಿನ ತಲೆಗೂ ಮೈಗೂ ನಡುವೆ ಹಪ್ಪಳದ ಹಾಗೆ ಕೂರುವ ಹೆಡ್ ಗ್ಯಾಸ್ಕೆಟ್ ಎಂಬ ತಗಡು ಹರಿದು, ನೀರು ಆಯಿಲ್ಲಿಗೆ ಸೇರಿತ್ತು.

ಮೆಕ್ಯಾನಿಕ್ಕು ವಾರ ಬಿಟ್ಟು ಬನ್ನಿ ಎಂದ. ಗಿರಿಧರನಿಗೆ ವಾರ ಎಲ್ಲಿತ್ತು? ಭಾನುವಾರ ಸಂಜೆ ಚನ್ನರಾಯಪಟ್ಟಣದಲ್ಲಿ ನಾದಿನಿ ಶೋಭಿತಾಳ ನಿಶ್ಚಿತಾರ್ಥ. ಹೆಂಡತಿ ಹಂಸ ಆಗಲೇ ತೌರಿಗೆ ಹೋಗಿದ್ದಳು. ಅಲ್ಲಿ ಮಾವ ಚಲುವನಾರಾಯಣ ಕಂಡಕಂಡವರಿಗೆಲ್ಲ, "ನಮ್ಮ ಅಳಿಯಂದಿರು ಕಾರಲ್ಲಿ ಬರ್ತಾರೆ, ಗಂಡಿನ ಕಡೆಯವರನ್ನ ಬಸ್ ಸ್ಟ್ಯಾಂಡಿಂದ ಅವರೇ ಕರ್ಕೊಂಬರ್ತಾರೆ" ಎಂದು ಹೇಳಿಕೊಂಡು ಬಂದಿದ್ದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಮಾವ ಅಳಿಯನ ಬಗ್ಗೆ ಹೆಮ್ಮೆಯಿಂದ ಆಡಿದ ಮೊದಲ ಮಾತು ಅದು. ಗಿರಿಧರ ಹೊಸ ಗ್ಯಾಸ್ಕೆಟ್ಟನ್ನೂ ಸ್ಪ್ಯಾನರುಗಳ ಪೆಟ್ಟಿಗೆಯನ್ನೂ ತಂದು, ಭಾನುವಾರ ಬೆಳಕು ಹರಿಯುತ್ತಲೇ ಮನೆಮುಂದೆ ತಾನೇ ಕೆಲಸಕ್ಕೆ ಇಳಿದ.

ಕಾರು ಅವನಿಗೆ ಬಂದ ಬಗೆಯೂ ವಿಚಿತ್ರವೇ. ಅವನು ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿದ್ದ. ಅಲ್ಲೇ ಆಫೀಸಿನಲ್ಲಿದ್ದ ಅರಕಲಗೂಡಿನ ವಿಶ್ವಾಸ್ ಒಂದು ದಿನ, "ದೊಡ್ಡಪ್ಪ ಚಂದ್ರಮೌಳಿಯವರು ಹೋಗ್ಬಿಟ್ರು ಸಾರ್. ಕಾರು ಸುಮ್ನೆ ಶೆಡ್ಡಲ್ಲಿ ಕೊಳೀತಾ ಇದೆ. ತಗೊಂಡ್ಹೋಗಿ ಓಡಿಸ್ತಿರಿ, ಉಳಿದದ್ದು ಆಮೇಲೆ ನೋಡೋಣ" ಎಂದಿದ್ದ. ಗಿರಿಧರ ತಲೆ ತಗ್ಗಿಸಿ, "ತುಂಬ ದೊಡ್ಡ ಮನುಷ್ಯರು" ಎಂದಿದ್ದ. ಅವರ ಮುಖವನ್ನೂ ಅವನು ಕಂಡಿರಲಿಲ್ಲ.

ಈ ಭಾನುವಾರ ಮೋಡ ಮುಚ್ಚಿತ್ತು. ಚಳಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಗಿರಿಧರ ನೀರು ಬಸಿದು, ಪೈಪು ಬಿಚ್ಚಿ, ಒಂದೊಂದೇ ಬೋಲ್ಟು ಸಡಿಲಿಸಿದ. ಪಕ್ಕದ ಮನೆಯ ಕೃಷ್ಣಪ್ಪ ಕಾಂಪೌಂಡಿನ ಮೇಲೆ ಗಲ್ಲ ಇಟ್ಟು ನೋಡುತ್ತ ನಿಂತ. ಎರಡೂ ಮನೆ ಅವನದೇ. ಒಂದರಲ್ಲಿ ತಾನಿದ್ದು, ತಾಯಿ ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಇನ್ನೊಂದನ್ನು ಗಿರಿಧರನಿಗೆ ಬಾಡಿಗೆಗೆ ಕೊಟ್ಟಿದ್ದ.

"ಅದು ಸತ್ತೋದೋರ ಕಾರಂತಲ್ಲ ಸಾ?"

"ಹೌದು. ಅದಕ್ಕೇನೀಗ?"

"ಏನಿಲ್ಲ. ಸತ್ತೋರು ಒಂದೊಂದ್ಸಲ ಆಸೆ ಬುಟ್ಟೋಗಕಿಲ್ಲ. ಅವತ್ತು ಬಂದಿದ್ದು ಒಗೆ ಅಲ್ಲ ಕಣಿ ಸಾ. ನಾ ನೋಡ್ದೆ. ಅದುಕ್ಕೆ ಕೈಕಾಲು ಇದ್ವು."

ಗಿರಿಧರ ನಕ್ಕ. ನಕ್ಕು ಎಂಜಿನ್ನಿನ ತಲೆಯನ್ನು ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಎತ್ತಿದ. ಒಳಗಿಂದ 'ಹ್ಞಾಽಽ' ಎಂದು ಉಸಿರು ಬಿಟ್ಟ ಹಾಗಾಯಿತು. ಬಹಳ ದಿನ ಮಲಗಿದ್ದ ಮುದುಕ ಮಗ್ಗುಲು ಬದಲಿಸಿದಂಥ ಸದ್ದು. ಅದರ ಹಿಂದೆಯೇ, ಎಲ್ಲಿ ಯಾವ ವೈರು ತಾಗಿತೋ, ಹಾರ್ನು ತಂತಾನೇ ಊಳಿಡತೊಡಗಿತು.

ಕೃಷ್ಣಪ್ಪನ ಗಲ್ಲ ಕಾಂಪೌಂಡಿನಿಂದ ಮಾಯವಾಯಿತು. ಹಾರ್ನು ನಿಲ್ಲುವಷ್ಟರಲ್ಲಿ ಅವನ ಹೆಂಡತಿ ಲಕ್ಕಮ್ಮ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಕಾರಿನತ್ತ ಬಂದಾಗಿತ್ತು. ಬಿಚ್ಚಿಟ್ಟ ಪೈಪಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಗಿರಿಧರ ಒಂದೇ ನೆಗೆತಕ್ಕೆ ಅಡ್ಡ ಬಂದು ಉಫ್ ಎಂದು ಊದಿ ಆರಿಸಿದ.

ಲಕ್ಕಮ್ಮ ಆರಿದ ಕರ್ಪೂರವನ್ನೂ ಅವನ ಮುಖವನ್ನೂ ನೋಡಿದಳು. "ನೀವಾಗಿ ಊದಲಿಲ್ಲ ಬುಡಿ ಸಾ. ಒಳಗೆ ಸೇರ್ಕೊಂಡು ಅದೇ ಊದುಸ್ತು" ಎಂದವಳೇ ಗಂಡನನ್ನು ಒಳಕ್ಕೆಳೆದುಕೊಂಡು ಬಾಗಿಲು ಹಾಕಿದಳು. ಕಿಟಕಿ ಮಾತ್ರ ಒಂದು ಕಣ್ಣಿನಷ್ಟು ತೆರೆದಿತ್ತು.

ಗಿರಿಧರ ಧೈರ್ಯಸ್ಥನೇ, ಆದರೆ ಅವನ ಧೈರ್ಯಕ್ಕೆ ಪಕ್ಕದಲ್ಲಿ ಯಾರಾದರೂ ಇರಬೇಕಾಗಿತ್ತು. ಈಗ ಒಬ್ಬನೇ ಹಳೆಯ ಗ್ಯಾಸ್ಕೆಟ್ಟನ್ನು ಕೆರೆಯುತ್ತ ಕೂತಾಗ ಕತ್ತಿನ ಹಿಂದೆ ಯಾರೋ ಬಗ್ಗಿ ನೋಡುತ್ತಿರುವ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ. ಮತ್ತೆ ಕೆರೆದ, ಒರೆಸಿದ. ಹೊಸ ಗ್ಯಾಸ್ಕೆಟ್ಟು ಹಾಸಿ, ತಲೆ ಕೂರಿಸಿ, ತುದಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

"ಅಲ್ಲಿಂದ ಅಲ್ಲ. ನಡುವಿನಿಂದ ಶುರು ಮಾಡಿ. ಸ್ವಲ್ಪ ಸ್ವಲ್ಪವೇ ಬಿಗೀತಾ ಹೊರಗೆ ಬನ್ನಿ. ಇಲ್ದಿದ್ರೆ ಇವಳು ಮತ್ತೆ ಕಣ್ಣೀರು ಹಾಕ್ತಾಳೆ."

ಎತ್ತಿದ ಬಾನೆಟ್ಟಿನ ಮರೆಯಲ್ಲಿ ಒಬ್ಬ ವೃದ್ಧರು ಕುಕ್ಕರುಗಾಲಲ್ಲಿ ಕೂತಿದ್ದರು. ಮಗುವಿನಷ್ಟು ಸಣ್ಣ ಆಳು, ಬಿಳಿ ಪಂಚೆ, ಬೂದು ಸ್ವೆಟರು. ಗೇಟಿನ ಸದ್ದಾಗಿರಲಿಲ್ಲ. ಅವರು ಕೈ ಚಾಚಿ ಸ್ಪ್ಯಾನರ್ ತೆಗೆದುಕೊಂಡಾಗ ಬೆರಳು ತಾಗಿತು, ಹಿಮದ ಹಾಗಿತ್ತು.

"ತಮ್ಮ ಹೆಸರು?" ಎಂದು ಗಿರಿಧರ ಕೇಳಿದ.

"ಚಂದ್ರಮೌಳಿ. ಅರಕಲಗೂಡು."

ಗಿರಿಧರ ಕೂಗಬೇಕೆಂದುಕೊಂಡ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ ಮಾತು. ಮನೆಗೆ ಬಂದವರನ್ನು ಉಪಚರಿಸುವ ಅಭ್ಯಾಸವೊಂದೇ ಅವನಲ್ಲಿ ಉಳಿದಿತ್ತು. "ಕಾಫಿ ತಗೋತೀರಾ?"

"ಹೊರಗೆ ಏನೂ ಮುಟ್ಟಲ್ಲ ನಾನು. ನೀವು ಆ ಬೋಲ್ಟು ಹಿಡ್ಕೊಳ್ಳಿ."

ಹಿಡಿದುಕೊಂಡ. ಹಿಡಿಯದಿದ್ದರೆ ಏನಾಗುತ್ತದೋ ಯಾರಿಗೆ ಗೊತ್ತು. ಮಾತಾಡುತ್ತಿದ್ದರೆ ದೆವ್ವ ಮೈಮೇಲೆ ಬರಲಾರದು ಎನ್ನಿಸಿ ಮೆಲ್ಲಗೆ ಕೇಳಿದ, "ತಾವು ಹೋಗಿ... ಬಹಳ ದಿನ ಆಯ್ತೇ?"

"ಆರು ತಿಂಗಳಾಯ್ತು. ಕರ್ಕೊಂಡು ಹೋಗೋಕೆ ಬಂದವರು ತುಂಬ ಅವಸರ ಮಾಡಿದ್ರು. ಉಟ್ಟ ಬಟ್ಟೇಲೇ ಹೊರಟೆ."

"ಅಲ್ಲಿ ಹೇಗಿದೆ?"

"ಏನೂ ಕೊರತೆ ಇಲ್ಲ. ವಿಪರೀತ ತಣ್ಣಗಿದೆ, ಯಾವಾಗಲೂ ಮಂಜು. ಆದ್ರೆ ಮಾತಾಡೋಕೆ ನಮ್ಮವರು ಅಂತ ಯಾರೂ ಸಿಗಲ್ಲ."

"ಮತ್ತೆ ಇಲ್ಲಿಗೆ ಬಂದಿದ್ದು?"

ವೃದ್ಧರು ಎಂಜಿನ್ನನ್ನು ಸವರಿದರು. "ಇವಳನ್ನ ಬಿಟ್ಟಿರೋಕಾಗಲಿಲ್ಲ ಕಣ್ರೀ. ಕರ್ಕೊಂಡು ಹೋಗೋಣ ಅಂತ ಬಂದೆ."

ಇನ್ನೊಂದು ಸ್ಪ್ಯಾನರು ಗಿರಿಧರನ ಕೈಜಾರಿ ಅವನ ಕಾಲ್ಬೆರಳ ಮೇಲೆ ಬಿತ್ತು. ನೋವಾದದ್ದೂ ತಿಳಿಯಲಿಲ್ಲ. ಮಧ್ಯಾಹ್ನವೆಲ್ಲ ಅವರು ಹೇಳಿದ್ದನ್ನು ಅವನು ಮಾಡಿದ, ಅವನು ಕೊಟ್ಟದ್ದನ್ನು ಅವರು ಬಿಗಿದರು. ಪೈಪುಗಳು ಸೇರಿದವು. ಹೊಸ ಆಯಿಲ್ಲು, ನೀರು ಬಿದ್ದವು. ವೃದ್ಧರು ಬಾನೆಟ್ ಮುಚ್ಚಿ, ಸ್ವೆಟರಿನೊಳಗಿಂದ ತಮ್ಮದೇ ಬೀಗದ ಕೈ ತೆಗೆದು ಆಚೆ ಬದಿಯಿಂದ ಒಳಗೆ ಕೂತರು. ಕಾರು ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಹೊಗೆಯ ಸುಳಿವಿಲ್ಲ, ಸದ್ದು ರೇಷ್ಮೆ ಸೀರೆ ಸರಿದಂತೆ. ಗಿರಿಧರ ಗೇಟು ತೆರೆದು ಪಕ್ಕಕ್ಕೆ ನಿಂತು ಕೈಮುಗಿದ. ಕಾರು ಬೀದಿ ತಿರುವಿನಲ್ಲಿ ಮರೆಯಾಯಿತು.

ಪಕ್ಕದ ಮನೆಯಿಂದ ಕೃಷ್ಣಪ್ಪ ದಂಪತಿ ಓಡಿ ಬಂದರು.

"ಒಬ್ರೇ ಮಾತಾಡ್ತಾನೇ ಇದ್ರಲ್ಲ ಸಾ. ನಾವು ಕಿಟಕೀಲಿ ನೋಡ್ತಾನೇ ಇದ್ವಿ, ಅಲ್ಯಾರೂ ಇರ್ನಿಲ್ಲ" ಎಂದ ಕೃಷ್ಣಪ್ಪ.

"ಕಾರು ತಾನೇ ಓಯ್ತು. ಸೀಟಲ್ಲಿ ಒಂದ್ ತಲೆ ಬ್ಯಾಡ್ವಾ?" ಎಂದಳು ಲಕ್ಕಮ್ಮ.

ಗಿರಿಧರ ಜಗಲಿಯ ಮೆಟ್ಟಿಲ ಮೇಲೆ ಕೂತ. ಅಷ್ಟರಲ್ಲಿ ಹಂಸಳ ಫೋನು ಬಂತು. "ಗಂಡಿನ ಕಡೆಯವರು ಬಸ್ ಸ್ಟ್ಯಾಂಡಲ್ಲಿ ನಿಂತು ನಿಂತು ಆಟೋ ಮಾಡ್ಕೊಂಡ್ ಬಂದ್ರು. ಎಲ್ಲಿದೀರಿ?"

"ಕಾರನ್ನ ಚಂದ್ರಮೌಳಿಯವರು ತಗೊಂಡ್ಹೋದ್ರು."

"ಸತ್ತವರಾ?"

"ಹೌದು."

ಹಂಸ, "ಅಪ್ಪನಿಗೆ ನೀವೇ ಹೇಳಿ. ನಾನು ಇಲ್ಲೇ ಇದ್ದು ನಾಲ್ಕು ದಿನ ಬಿಟ್ಟು ಬರ್ತೀನಿ" ಎಂದು ಫೋನಿಟ್ಟಳು.

ಗಿರಿಧರ ಒಂದು ಗಂಟೆ ಹೊತ್ತು ಆ ಮೆಟ್ಟಿಲ ಮೇಲೇ ಕೂತಿದ್ದು, ಆಮೇಲೆ ವಿಶ್ವಾಸನಿಗೆ ಫೋನು ಮಾಡಿದ. ಅವನು ಮೊದಲೇ ಅಳುಕಿದ ದನಿಯಲ್ಲಿ, "ಕ್ಷಮಿಸಿ ಸಾರ್. ದೊಡ್ಡಪ್ಪ ಬೆಳಿಗ್ಗೆ ನನ್ನಿಂದ ನಿಮ್ಮ ಅಡ್ರೆಸ್ ಇಸ್ಕೊಂಡು ಹೋಗಿದ್ರು, ಈಗ ತಾನೇ ಕಾರಲ್ಲಿ ಬಂದಿಳಿದ್ರು. ಕೇಳದೆ ಯಾಕೆ ಕೊಟ್ಟೆ ಅಂತ ನನ್ನ ಮೇಲೆ ಹಾರಾಡ್ತಾ ಇದಾರೆ" ಎಂದ.

"ಅವರು ಹೋಗ್ಬಿಟ್ರು ಅಂದ್ರಲ್ಲ?"

"ಹೋಗಿದ್ರು ಸಾರ್, ಮಡಿಕೇರಿಗೆ. ಮಗಳು ಆರತಿ ಮನೇಗೆ. ಇನ್ನು ಅಲ್ಲೇ ಇರ್ತಾರೆ ಅಂದ್ಕೊಂಡಿದ್ದೆ. ಯಾಕೆ, ನೀವೇನು ತಿಳ್ಕೊಂಡಿದ್ರಿ?"

ಕಾರು ಹೋಗಿತ್ತು, ಮಾವನ ಮುಂದೆ ಮಾನವೂ ಹೋಗಿತ್ತು. ಆದರೂ ಗಿರಿಧರನ ಎದೆಯ ಮೇಲಿಂದ ಒಂದು ಗುಂಡುಕಲ್ಲು ಇಳಿದ ಹಾಗಾಯಿತು. ದೆವ್ವವಿಲ್ಲ, ಭೂತವಿಲ್ಲ, ಕೃಷ್ಣಪ್ಪನ ಕಿಟಕಿಗೆ ಕಾಣದ್ದು ಆಳು ಅಷ್ಟು ಸಣ್ಣದಾದ್ದಕ್ಕೆ, ಬೆಳಗಿಂದ ನಡುಗಿದ್ದೆಲ್ಲ ಮಡಿಕೇರಿಯ ಚಳಿಗೆ. ಅಷ್ಟರಲ್ಲಿ ಅತ್ತ ಫೋನು ಕೈ ಬದಲಾಯಿತು.

"ಗಿರಿಧರ ಅವರೇ, ಚಂದ್ರಮೌಳಿ. ಏನೂ ತಿಳ್ಕೋಬೇಡಿ, ನನ್ನ ಕಾರು ನಾನು ತಂದೆ. ಒಳ್ಳೇ ಕೆಲಸ ಮಾಡಿದೀರಿ. ನಿಮ್ಮನೇ ಅಜ್ಜಿಗೂ ಹೇಳಿ, ಅವರಿಗೆ ಹೇಳಿ ಹೊರಡೋಕಾಗಲಿಲ್ಲ."

"ಯಾವ ಅಜ್ಜಿ?"

"ಅದೇ, ನಿಮ್ಮ ಬೆನ್ನ ಹಿಂದೇನೇ ಜಗಲಿ ಮೇಲೆ ಕಾಲು ಚಾಚ್ಕೊಂಡು, ಕುಟ್ಟಾಣೀಲಿ ಎಲೆಅಡಿಕೆ ಕುಟ್ತಾ ಇದ್ರಲ್ಲ. ಹಲ್ಲಿಲ್ಲ ಪಾಪ. ನಾನು ಕೈಮುಗಿದ್ರೂ ಸುಮ್ನೆ ನಿಮ್ಮನ್ನೇ ನೋಡ್ತಾ ಇದ್ರು."

ಗಿರಿಧರ ಫೋನು ಕೆಳಗಿಟ್ಟ. ಕೂತಿದ್ದ ಮೆಟ್ಟಿಲಿನಿಂದ ಎದ್ದು, ಜಗಲಿಯ ಕಡೆ ತಿರುಗದೆ ಅಡ್ಡಡ್ಡ ಹೆಜ್ಜೆಯಿಟ್ಟು ಕಾಂಪೌಂಡು ದಾಟಿ ಕೃಷ್ಣಪ್ಪನ ಬಾಗಿಲು ಬಡಿದ. ಹೊತ್ತು ಮುಳುಗಿ ಬೀದಿ ಮಬ್ಬಾಗುತ್ತಿತ್ತು.

"ಕೃಷ್ಣಪ್ಪನವರೇ, ಎಲೆಅಡಿಕೆ ಕುಟ್ಟೋ ಅಜ್ಜಿ ಇಲ್ಲಿ ಯಾರಿದಾರೆ?"

ದಿನವಿಡೀ ದೆವ್ವದ ಮಾತೇ ಆಡುತ್ತಿದ್ದ ಕೃಷ್ಣಪ್ಪ ಈಗ ಗಿರಿಧರನ ಮನೆ ಜಗಲಿಯತ್ತ ಒಮ್ಮೆ ಕದ್ದು ನೋಡಿದ. ಲಕ್ಕಮ್ಮ ಒಳಗಿನಿಂದ ಬಂದವಳು ಬಂದ ಹಾಗೆಯೇ ಹಿಂದಕ್ಕೆ ಸರಿದಳು. ಕೃಷ್ಣಪ್ಪ ಬಾಗಿಲನ್ನು ಅರ್ಧ ಮುಚ್ಚಿ, ದನಿ ತಗ್ಗಿಸಿ ಹೇಳಿದ:

"ಆ ಮನೆ ಒಳಗೆ ಈ ಮಾತು ಎತ್ತಬ್ಯಾಡಿ ಸಾ. ನಮ್ಮವ್ವಂಗೆ ಕಿವಿ ಬಲು ಚುರುಕು."

ಚಿಲಕ ಬಿತ್ತು. ಗಿರಿಧರ ಬೀದಿ ನಡುವೆ ನಿಂತ. ಇವತ್ತೊಂದು ದಿನ ಹೊರಗೇ ಮಲಗೋಣವೆಂದರೆ, ಮನೆಮುಂದೆ ಕಾರೂ ಇರಲಿಲ್ಲ.