ನಮ್ಮ ಮನೆಯವರು ಕೆಂಡದ ಒಲೆ ಆರಿಸಿದ್ದು

ನಮ್ಮ ಮನೆಯವರು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಗುಮಾಸ್ತರು. ಯಾವ ಗಾಡಿ ಯಾವ ಕಡೆ ಹೋಗುತ್ತದೆಂದು ಊರಿಗೆಲ್ಲ ಹೇಳುತ್ತಾರೆ. ಅಂಗಡಿಗೆ ಹೋಗಿ ಒಂದು ಸಾಮಾನು ಆರಿಸಿ ಎಂದರೆ ಮಾತ್ರ ಅವರ ತಲೆ ಕೆಡುತ್ತದೆ, ಜತೆಗೆ ನಮ್ಮದೂ. ಕೊಡೆ, ಮಿಕ್ಸಿ, ಸೊಳ್ಳೆಪರದೆ, ಒಂದೊಂದಕ್ಕೂ ಒಂದೊಂದು ಕಥೆ. ಕೆಂಡದ ಒಲೆಯದು ಎಲ್ಲಕ್ಕಿಂತ ದೊಡ್ಡದು.

೧. ಡಾಬಾ

ತೊಂಬತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ. ದೇವರ ಗೂಡು ಅಡುಗೆಮನೆಯಲ್ಲೇ ಇದ್ದದ್ದರಿಂದ ಅಲ್ಲಿ ಮಾಂಸ ಬೇಯಿಸಲು ಅತ್ತೆ ಬಿಡುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸಾರು ಮಾಡುತ್ತಿದ್ದೆ. ಯುಗಾದಿಯ ಮಾರನೆ ದಿನ, ವರ್ಷತೊಡಕಿನ ಮಾಂಸದೂಟಕ್ಕೆ, ಹಿರಿಯೂರಿನಿಂದ ನಮ್ಮಣ್ಣ ಬಂದ. ಉಂಡು ಕೈ ತೊಳೆದು, "ಏನ್ ಭಾವ, ವರ್ಷಾ ವರ್ಷಾ ಅದೇ ಸಾರು? ನಮ್ಮೂರ ಡಾಬಾದಾಗೆ ಕೆಂಡದ ಮ್ಯಾಲೆ ಸುಟ್ಟು ಕೊಡ್ತಾರೆ, ನೋಡ್ಬೇಕು ನೀವು" ಎಂದ.

ನನಗೆ ಉರಿದುಹೋಯಿತು. ನನ್ನ ಕೈಯಡುಗೆಯನ್ನು ನನ್ನ ತವರಿನವನೇ ಆಡಿಕೊಂಡರೆ ಅತ್ತೆಯೆದುರು ನಾನು ಮುಖ ಎತ್ತುವುದು ಹೇಗೆ? "ಬರೋ ವರ್ಷ ಇವ್ನ ಬಾಯಿ ಮುಚ್ಚಿಸ್ಬೇಕು ರೀ" ಎಂದೆ.

ಇವರು ಹಿರಿಯೂರಿಗೇ ಹೋಗಿ ಡಾಬಾದ ಅಡುಗೆಯವನನ್ನು, "ಮಾಂಸ ಸುಡೋಕೆ ಮನೆಗೆ ಯಾವ ಒಲೆ ಒಳ್ಳೇದು?" ಎಂದು ಕೇಳಿದರು. ಅವನು, "ಗ್ಯಾಸಿಂದಾ, ಇದ್ಲಿಂದಾ? ಮುಚ್ಚಳ ಇರೋದಾ, ಇಲ್ದಿರೋದಾ?" ಎಂದು ತಿರುಗಿ ಕೇಳಿದ. ಇವರು ಗಾಬರಿಯಾಗಿ ಟೀ ಕುಡಿದು ವಾಪಸ್ಸು ಬಂದರು.

"ಅಷ್ಟು ದೂರ ಹೋಗಿ ಆ ಸುಟ್ಟ ಮಾಂಸನಾದ್ರೂ ತಿಂದ್ರಾ?"

"ಒಲೆಗೇ ಅಷ್ಟು ಪ್ರಶ್ನೆ ಕೇಳ್ದ ಕಣೇ. ಮಾಂಸಕ್ಕೆ ಇನ್ನೆಷ್ಟು ಕೇಳ್ತಿದ್ನೋ!"

೨. ದುರ್ಗದ ಅಂಗಡಿ

ಮುಂದಿನ ಸಲ ಚಿತ್ರದುರ್ಗಕ್ಕೆ ನಾನೂ ಜತೆಗೆ ಹೋದೆ. ಅಂಗಡಿಯವನು ಗ್ಯಾಸಿನದು, ಇದ್ದಿಲಿನದು, ಕರೆಂಟಿನದು ಎಂದು ಸಾಲಾಗಿ ಇಟ್ಟ. ನನಗೆ ಯಾವುದರ ತಲೆ ಯಾವುದು, ಬುಡ ಯಾವುದು ತಿಳಿಯಲಿಲ್ಲ. ಇವರು ಒಂದೊಂದನ್ನೂ ಮುಟ್ಟಿ, "ಇದ್ರಾಗೆ ರೊಟ್ಟಿ ಸುಡಬೌದಾ?" ಎಂದರು.

"ಸುಡಬೌದು ಸಾರ್."

"ಸ್ನಾನಕ್ಕೆ ನೀರು ಕಾಯ್ತೈತಾ?"

ಅಂಗಡಿಯವನು ಒಲೆಯನ್ನೊಮ್ಮೆ, ಇವರನ್ನೊಮ್ಮೆ ನೋಡಿದ.

"ಹಾಲು ಉಕ್ಕಿದ್ರೆ ಎಲ್ಲಿಗೆ ಹೋಗ್ತೈತೆ?"

ಅವನು ಬೆವರು ಒರೆಸಿಕೊಂಡು, "ಸಾರ್, ನಿಮ್ಮನೇಲಿ ಒಲೆನೇ ಇಲ್ವಾ?" ಎಂದ. ನಾನು ನಾಚಿ ಹೊರಗೆ ಬಂದೆ. ಬಸ್ಸಿನಲ್ಲಿ ಇವರು ಹೇಳಿದರು: "ಪಾಪ, ಮಾರೋನಿಗೇ ಒಲೆ ವಿಷ್ಯ ಗೊತ್ತಿಲ್ಲ."

೩. ವೆಲ್ಡಿಂಗ್

ಅಷ್ಟರಲ್ಲಿ ಯುಗಾದಿ ಬಂದೇಬಿಟ್ಟಿತು. ಇವರು ಒಲೆ ಮಾಡಿಸಲು ಊರಿನ ವೆಲ್ಡಿಂಗ್ ಅಂಗಡಿಗೆ ಓಡಿದರು. ಅಲ್ಲಿಯವನು ಸುತ್ತಲ ಹಳ್ಳಿಗಳ ಕುರಿಹಟ್ಟಿಗೆ ಗೇಟು ಮಾಡಿಕೊಡುವವನು. "ಎಷ್ಟು ದೊಡ್ಡದು ಬೇಕು?" ಎಂದದ್ದಕ್ಕೆ ಇವರು, "ಒಂದು ಕುರಿಗೆ ಆಗೋಷ್ಟು" ಎಂದರಂತೆ.

ಅವನು ಕಬ್ಬಿಣದ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕಾಲು ಕೂಡಿಸಿ, ಮೇಲೆ ಕಂಬಿ ಜೋಡಿಸಿ ಟ್ರ್ಯಾಕ್ಟರಿನಲ್ಲಿ ತಂದಿಳಿಸಿದ. ಅದು ಹಿತ್ತಲಿಗೆ ಹೋಗುವ ಓಣಿಯಲ್ಲಿ ಹಿಡಿಯಲಿಲ್ಲ. ಮನೆ ಮುಂದೆ, ಅಡುಗೆಮನೆಯ ಕಿಟಕಿಯ ಕೆಳಗೇ ನಿಂತಿತು. ಹೊಸ ಒಲೆ ಬರುತ್ತದೆಂಬ ಹುರುಪಿನಲ್ಲಿ ಇವರು ಹಿತ್ತಲ ಮೂರು ಕಲ್ಲನ್ನು ಆಗಲೇ ಕಿತ್ತು ಎಸೆದಿದ್ದರು.

ಕಂಬಿಗಳ ನಡುವೆ ಕೈ ಹಾಕಿದೆ. ಮುಷ್ಟಿಯೇ ಒಳಗೆ ಹೋಯಿತು. "ಏನಣ್ಣ, ಇಷ್ಟು ಸಂದಿ?"

"ಅನುಮಾನನೇ ಬ್ಯಾಡ ಅಕ್ಕಾರೆ. ಎಂಥಾ ಕುರಿ ಬಂದ್ರೂ ಇದ್ರಾಗೆ ತೂರಕಾಗಲ್ಲ. ಗ್ಯಾರಂಟಿ!"

೪. ವರ್ಷತೊಡಕು

ಬೆಳಿಗ್ಗೆ ಇದ್ದಿಲು ಹೊತ್ತಿಸಿದೆವು. ಹೊಗೆಯೆಲ್ಲ ಕಿಟಕಿಯಿಂದ ನೆಟ್ಟಗೆ ದೇವರ ಗೂಡಿಗೆ ಹೋಯಿತು. "ಏನೋ, ದೇವ್ರಿಗೇ ಹೊಗೆ ಹಾಕ್ತೀಯಾ?" ಎಂದು ಅತ್ತೆ ಒಳಗಿನಿಂದ ಕೂಗಿದರು. ಡ್ರಮ್ಮನ್ನು ಆಚೆ ಎಳೆದೆವು. ಗಾಳಿಯೂ ತಿರುಗಿತು. ಮತ್ತೆ ಈಚೆ ಎಳೆದೆವು. ಅದು ಮತ್ತೆ ತಿರುಗಿತು. ಸಾಕಾಗಿ ಮಾಂಸದ ತುಂಡುಗಳನ್ನು ಜೋಡಿಸಿದೆ. ಒಂದೊಂದೇ ಕಂಬಿಯ ಸಂದಿಯಲ್ಲಿ ಕೆಂಡಕ್ಕೆ ಬಿದ್ದವು. ಇವರು ಬಗ್ಗಿ ನೋಡಿ, "ಎಲ್ಲಿ ಹೋದ್ವೇ?" ಎಂದರು.

ಅಣ್ಣನ ಬಸ್ಸು ಬರುವ ಹೊತ್ತಾಗಿತ್ತು. ನನಗೆ ಅಳುವೇ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅತ್ತೆ ಹೊರಗೆ ಬಂದರು. ಸೆರಗಿನಲ್ಲಿ ದೇವರ ಫೋಟೊಗಳು. ನಮ್ಮ ಕಡೆ ನೋಡದೆ, ಮಾಂಸ ಮುಟ್ಟದ ಪಕ್ಕದ ಮನೆಯವರಲ್ಲಿಗೆ ಹೋಗಿ, ಬರಿಗೈಯಲ್ಲಿ ಬಂದರು. "ಸಂಜೆ ತಂಕ ದೇವ್ರು ಅಲ್ಲೇ ಇರ್ತವೆ. ಏಳಮ್ಮ, ಒಳಗೋಗಿ ಬೇಗ ಬೇಯ್ಸು."

ಉಳಿದ ಮಾಂಸವನ್ನು ಗ್ಯಾಸ್ ಒಲೆಯ ಮೇಲೆ ಕಾವಲಿಯಿಟ್ಟು ಹುರಿದೆ. ಅಣ್ಣ ಬಂದ. ಬಾಗಿಲಲ್ಲಿ ಹೊಗೆಯಾಡುತ್ತಿದ್ದ ಡ್ರಮ್ಮನ್ನು ಸುತ್ತು ಹಾಕಿ ನೋಡಿ, ಊಟಕ್ಕೆ ಕೂತು, ಮೊದಲ ತುಂಡಿಗೇ ಕಣ್ಣು ಮುಚ್ಚಿಕೊಂಡ. "ಇದಪ್ಪಾ ಕೆಂಡದ ರುಚಿ! ಗ್ಯಾಸಿನಾಗೆ ಎಲ್ಲಿ ಬರ್ಬೇಕು ಇದು? ಭಾವ, ನಮ್ಮನೆಗೂ ಇಂಥಾದೊಂದು ಬೇಕು. ಏನೇನು ನೋಡಿ ಆರಿಸ್ಬೇಕು, ಹೇಳ್ರಿ."

ಇವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ಒಲೆ ಎಂಥಾದಾದ್ರೂ ನಡಿತೈತೆ ಬಿಡಪ್ಪ. ಪಕ್ಕದ ಮನೆಯೋರು ಒಳ್ಳೇರಾ ಅಂತ ಮೊದ್ಲು ನೋಡ್ಕ."