ಹಾಲು ಉಕ್ಕುವ ತನಕ

ಬೆಳಗಿನ ನಿದ್ದೆ ಉಳಿಸಿಕೊಳ್ಳಲು ಹೇಳಿದ ಒಂದು ಸಣ್ಣ ಸುಳ್ಳು ಕೊನೆಗೆ ಪೆಂಡ್ಸೆಯವರ ಸೊಂಟಕ್ಕೇ ಬಂತು.

ಪುಣೆಯ ಸದಾಶಿವ ಪೇಟೆಯ ಅವರ ವಠಾರದಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ತಾರಸಿಯ ಮೇಲೆ ಲಿಮಯೆ ಗುರುಗಳ ಸೂರ್ಯನಮಸ್ಕಾರ. ಅಂಚೆ ಕಚೇರಿಯಿಂದ ನಿವೃತ್ತರಾದ ಪೆಂಡ್ಸೆಯವರಿಗೆ ಉಳಿದಿದ್ದ ಆಸೆಯೋ ಒಂದೇ, ಎಂಟರ ತನಕ ಮಲಗುವುದು. ಕರೆಯಲು ಬಂದವರಿಗೆಲ್ಲ, "ನಾನು ಮನೇಲೇ ದಿನಾ ನೂರೆಂಟು ಹಾಕ್ತೀನಿ" ಎಂದುಬಿಟ್ಟಿದ್ದರು.

ರಥಸಪ್ತಮಿಯ ದಿನ ಬೆಳಕು ಹರಿಯುವ ಮುಂಚೆ ಎದುರುಮನೆಯ ಕುಸುಮಬಾಯಿ ಬಾಗಿಲು ಬಡಿದರು.

"ಕಾಕಾ, ಏಳಿ! ಲಿಮಯೆ ಗುರುಗಳಿಗೆ ಜ್ವರವಂತೆ. ಇವತ್ತು ಮುಂದೆ ನಿಂತು ಹೇಳಿಕೊಡೋರು ನೀವೇ."

"ನಾನಾ?"

"ಹೋಗ್ರೀ," ಹೆಂಡತಿ ಮಾಲತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. "ದಿನಾ ನೂರೆಂಟು ಹಾಕೋರು ಬರೀ ಹನ್ನೆರಡು ನಮಸ್ಕಾರಕ್ಕೆ ಹೆದರ್ತಾರಾ?"

ತಾರಸಿಯಲ್ಲಿ ಮೂವತ್ತು ಜನ. ಮೂಲೆಯಲ್ಲಿ ಬೆರಣಿಯ ಒಲೆಯ ಮೇಲೆ ಸೂರ್ಯನಿಗೆಂದು ಹಾಲಿಟ್ಟಿದ್ದರು. ಅದು ಉಕ್ಕಿ ಚೆಲ್ಲಿದರೇ ಹಬ್ಬ. ಬೆರಣಿಗಳೋ ಇಬ್ಬನಿಗೆ ನೆನೆದು ಬರೀ ಹೊಗೆಯಾಡುತ್ತಿದ್ದವು.

"ಓಂ ಮಿತ್ರಾಯ ನಮಃ!"

ಪೆಂಡ್ಸೆ ಉಸಿರೆಳೆದು ಕೈ ಎತ್ತಿದರು. ಉಸಿರು ಬಿಟ್ಟು ಬಾಗಿದರು. ಕೈ ಮೊಣಕಾಲಿನ ತನಕ ಹೋಗಿ ಮುನಿಸಿಕೊಂಡು ನಿಂತಿತು. ಹೇಗೋ ಕಾಲು ಹಿಂದಕ್ಕೆಳೆದು, ಎದೆ ಗಲ್ಲ ನೆಲಕ್ಕೆ ತಾಗಿಸಿದ್ದೇ ತಡ, ಸೊಂಟ ಹಳೇ ಟ್ರಂಕಿನ ಚಿಲಕದಂತೆ ಕಟಕ್ಕೆಂದು ಹಾಕಿಕೊಂಡಿತು.

ಹಿಂದೆ ಮೂವತ್ತು ಜನರೂ ಹಾಗೇ ಬಿದ್ದುಕೊಂಡು ಕಾದರು.

"ಕಾಕಾ, ಈಗ ಉಸಿರು ಎಳ್ಕೋಬೇಕಾ, ಬಿಡಬೇಕಾ?"

"ಎರಡೂ..." ಪೆಂಡ್ಸೆ ನರಳಿದರು.

"ಎಷ್ಟು ಹೊತ್ತು?"

ಪೆಂಡ್ಸೆಯವರ ಕಣ್ಣು ಹಾಲಿನ ಪಕ್ಕ ಕೂತ ಮಾಲತಿಯನ್ನು ಅಂಗಲಾಚಿ ನೋಡಿತು.

"ಗೊತ್ತಾಯ್ತು ಬಿಡಿ!" ಕುಸುಮಬಾಯಿ ಮಲಗಿದಲ್ಲಿಂದಲೇ ಕೂಗಿದರು. "ಹಾಲು ಉಕ್ಕೋ ತನಕ ಸೂರ್ಯನಿಗೆ ಸಾಷ್ಟಾಂಗ! ಎಂಥಾ ಭಕ್ತಿ ನೋಡಿ!"

ಮಾಲತಿಗೆ ವಿಷಯ ತಿಳಿಯಿತು. ಕರ್ಪೂರದ ಡಬ್ಬಿಯನ್ನೇ ಒಲೆಗೆ ಸುರಿದು ಸೆರಗಿನಿಂದ ಬೀಸತೊಡಗಿದರು. ಇಪ್ಪತ್ತು ನಿಮಿಷ ಕಳೆಯಿತು. ಮೂರನೇ ಸಾಲಿನಲ್ಲಿ ಗೊರಕೆ ಎದ್ದಿತು. ಕೊನೆಗೂ ಹಾಲು ಉಕ್ಕಿತು! ಎಲ್ಲರೂ ಹೋ ಎಂದು ಕೂಗುವ ಗದ್ದಲದಲ್ಲಿ, ಮಾಲತಿ ಗಂಡನ ಕಾಲಿಗೆ ಬೀಳುವವರಂತೆ ಬಾಗಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು.

"ಮಂಡಿ ನೋವೇ ಇಲ್ಲ ಕಾಕಾ!" "ಇಂಥಾ ನಮಸ್ಕಾರ ಹುಟ್ಟಿದಾಗಿಂದ ಮಾಡಿರಲಿಲ್ಲ!" ನಾಳೆಯಿಂದ ಕಾಕಾನೇ ಗುರು ಎಂದು ಮೂವತ್ತು ಜನರೂ ಒಕ್ಕೊರಲಿನಿಂದ ತೀರ್ಮಾನಿಸಿದರು.

ಪೆಂಡ್ಸೆ ಸೊಂಟ ಹಿಡಿದುಕೊಂಡು ನೇರ ಲಿಮಯೆಯವರ ಮನೆಗಿಳಿದರು. ಜ್ವರದ ಗುರುಗಳು ಬಿಸಿ ಥಾಲಿಪೀಠದ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದರು.

"ಗುರುಗಳೇ, ಜ್ವರ?"

"ಹಾಲು ಉಕ್ಕಿದ ಗದ್ದಲ ಕೇಳಿಸ್ತು, ಬಿಟ್ಟೇ ಹೋಯ್ತು. ಕೂತ್ಕೊಳ್ಳಿ." ಅರ್ಧ ಥಾಲಿಪೀಠ, ಜೊತೆಗೆ ನೋವಿನ ಮುಲಾಮಿನ ಡಬ್ಬಿ ಮುಂದೆ ಸರಿಸಿದರು. "ಎಲ್ಲಿ ಹಿಡೀತು, ಸಾಷ್ಟಾಂಗದಲ್ಲಾ?"

"ನಿಮಗೆ ಹೇಗೆ ಗೊತ್ತು?"

"ನನಗೆ ಕೈ ಎತ್ತಿದಾಗಲೇ ಹಿಡಿದಿತ್ತು. ಒಂಬತ್ತು ವರ್ಷವಾಯ್ತು. ನಾನೂ ಮನೇಲೇ ನೂರೆಂಟು ಹಾಕ್ತೀನಿ ಅಂದಿದ್ದೆ. ಅರ್ಧ ಗಂಟೆ ಸೂರ್ಯನಿಗೆ ಕೈ ಎತ್ತಿ ನಿಂತ ಮಹಾಭಕ್ತ ಅಂತ ಅವತ್ತೇ ಗುರು ಮಾಡಿಬಿಟ್ರು. ಇನ್ನೊಬ್ಬರ ಸೊಂಟ ಹಿಡಿಯಲಿ ಅಂತ ಅವತ್ತಿಂದ ಕಾಯ್ತಿದ್ದೆ."

ಗೋಡೆಯ ಮೊಳೆಯಿಂದ ತಾರಸಿಯ ಬೀಗದಕೈ ತೆಗೆದು, ಪೆಂಡ್ಸೆಯವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ನಾಳೆ ಐದೂವರೆಗೆ ಸರಿಯಾಗಿ ತೆಗೀಬೇಕು. ಮೆಟ್ಟಿಲು ಹತ್ತುವಾಗ ಸ್ವಲ್ಪ ಮೆಲ್ಲಗೆ ಹೋಗಿ ಆಯ್ತಾ? ನಾನು ಎಂಟರ ತನಕ ಮಲಗಿರ್ತೀನಿ."