ಕಾರಿನ ಮುಂದಿನ ಸೀಟಿನ ಸನ್ನಿಧಾನಕ್ಕೆ

ಶ್ರೀಮಾನ್ ಎಡಗಡೆಯ ಮುಂದಿನ ಸೀಟು ಅವರಿಗೆ,
ಮೊಕ್ಕಾಂ: ಮಹಾಂತಪ್ಪನವರ ಬಿಳಿ ಕಾರು, ಹೂಲಿ, ತಾಲೂಕು ಸವದತ್ತಿ.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಕಾರು ಕೊಂಡು ಮೂರು ವರ್ಷವಾದರೂ ತಮ್ಮ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ನಮ್ಮ ಅಣ್ಣ ಮಹಾಂತಪ್ಪ ತೆಗೆಸಿಲ್ಲವಾದ್ದರಿಂದ ತಮಗೆ ಧೂಳಿನ ಬಾಧೆಯೂ ಇರಲಾರದು. ಇತ್ತ ನಾವು ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕ್ಷೇಮವಾಗಿದ್ದೇವೆ.

ಈ ಪತ್ರಕ್ಕೆ ಕಾರಣವಾದ ಕಥೆಯನ್ನು ಮೊದಲು ಹೇಳಿದವಳು ಅಣ್ಣನಿಗೂ ನನಗೂ ಹಿರಿಯಳಾದ ಅಕ್ಕ ರಾಚವ್ವ. ಹೇಳಿದ್ದು ಈ ಸಲದ ಸೀಗಿ ಹುಣ್ಣಿಮೆಯ ಮಧ್ಯಾಹ್ನ, ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ನಾವೆಲ್ಲ ಊಟಕ್ಕೆ ಕೂತಾಗ. ನಾವು ಹೊಲದ ಬದುವಿನವರೆಗೂ ಕಾರಿನಲ್ಲಿ ಹೋಗಿದ್ದೆವು. ಅಕ್ಕ ಕೋಲು ಊರಿಕೊಂಡು ನಡೆದು ಬಂದಿದ್ದಳು. ಅದು ಏಕೆಂದು ತಮಗೆ ಗೊತ್ತಿದೆ. ಆದರೂ ತಕರಾರನ್ನು ಕ್ರಮವಾಗಿ ಸಲ್ಲಿಸುವುದು ನನ್ನ ಕರ್ತವ್ಯ.

ಮೊದಲಿಗೆ ತಮ್ಮ ಏಳಿಗೆಯ ಬಗ್ಗೆ ನಾಲ್ಕು ಮಾತು. ಸವಾರಿ ಬಂಡಿಯ ಕಾಲದಲ್ಲಿ ಮುಂದಿನ ಜಾಗವೆಂದರೆ ಎತ್ತಿನ ಬಾಲಕ್ಕೆ ಹತ್ತಿರದ ಜಾಗ. ಎತ್ತು ಬಾಲ ಎತ್ತಿದಾಗಲೆಲ್ಲ ಅಲ್ಲಿ ಕೂತವನ ಅಂಗಿಗೆ ಪ್ರಸಾದ ಸಿಗುತ್ತಿತ್ತು. ಹಿರಿಯರೂ ಬಸುರಿಯರೂ ನಡುವೆ ಮೇವಿನ ಮೇಲೆ ಕೌದಿ ಹಾಸಿಕೊಂಡು ಕೂಡುತ್ತಿದ್ದರು, ಯಾರಿಗಾದರೂ ಸಂಕಟವಾದರೆ ಇಳಿದು ಬಂಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದು ಮತ್ತೆ ಹತ್ತುತ್ತಿದ್ದರು, ಎತ್ತುಗಳಿಗೂ ಅಂಥ ಅವಸರವಿರಲಿಲ್ಲ. ಆಮೇಲೆ ಬಸ್ಸು ಬಂತು. ಕಿಟಕಿಯಿಂದ ಟವೆಲ್ ಎಸೆದವನದೇ ಸೀಟು ಎಂಬ ಕಾಯ್ದೆಯೂ ಬಂತು, ಅದನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಸುತ್ತಲ ಹತ್ತು ಹಳ್ಳಿಗೆ ಮೊದಲ ಕಾರು ತಂದ ಸಾಹುಕಾರರು, ನಮ್ಮ ತಂದೆ ಹೇಳುತ್ತಿದ್ದಂತೆ, ಹಿಂದೆ ಕೂಡುತ್ತಿದ್ದರು; ಡ್ರೈವರನ ಪಕ್ಕದಲ್ಲಿ ಅವರ ಕೊಡೆ ಹಿಡಿಯುವ ಆಳು ಕೂಡುತ್ತಿದ್ದ. ಅಂದರೆ ಆಗ ತಾವು ಕೊಡೆಯ ಸೀಟು. ಮುಂದೆ ಜೀಪು ಬಂದು, ಒಂದರಲ್ಲಿ ಹದಿನೆಂಟು ಜನ ತುಂಬಿ, ಹಿಂದೆ ಕೂತವರಿಗೆ ಉಸಿರಾಡುವುದೇ ಕಷ್ಟವಾದಾಗ, ಮರ್ಯಾದೆಯೆಂಬುದು ಗಾಳಿ ಹುಡುಕಿಕೊಂಡು ಮುಂದಕ್ಕೆ ಬಂದು ತಮ್ಮ ಮೇಲೆ ಕೂತುಬಿಟ್ಟಿತು. ಯಾವ ದಿನ ಬಂತೆಂದು ಯಾರೂ ಬರೆದಿಟ್ಟಿಲ್ಲ. ನಮ್ಮೂರ ಹಳೆಯ ಗುಡಿಗಳಲ್ಲಿ ಅಷ್ಟೊಂದು ಶಾಸನಗಳಿದ್ದೂ ಇಷ್ಟು ದೊಡ್ಡ ಸಂಗತಿಗೆ ಒಂದು ಸಾಲಿಲ್ಲವಲ್ಲ ಎಂದು ನನಗೆ ಬೇಸರ.

ಈಗಿನ ಪದ್ಧತಿ ಹೀಗಿದೆ: ಅಳಿಯ ಬಂದರೆ ತಾವು ಅಳಿಯನಿಗೆ, ಬೀಗರು ಬಂದರೆ ಬೀಗರಿಗೆ, ಯಾರೂ ಇಲ್ಲದಿದ್ದರೆ ಅಣ್ಣನಿಗೆ. ಹೆಂಗಸರು ಅಲ್ಲಿ ಕೂಡಬಾರದೆಂದು ಯಾರೂ ಯಾವತ್ತೂ ಹೇಳಿಲ್ಲ. ಅವರಿಗೆಂದು ತೆರೆಯುವ ಬಾಗಿಲು ಮಾತ್ರ ಯಾವಾಗಲೂ ಹಿಂದಿನದು.

ಎರಡು ವರ್ಷದ ಹಿಂದೆ ಸಿರಸಂಗಿಯ ಕಾಳಿಕಾದೇವಿಯ ದರ್ಶನಕ್ಕೆ ಹೋದಾಗಲೂ ಹಾಗೆಯೇ ಆಯಿತು. ಅಣ್ಣನ ಮಗ ಬಾಳೇಶ ಕಾರು ನಡೆಸುತ್ತಿದ್ದ, ಅಣ್ಣನ ಅಳಿಯ ನಿಜಗುಣಪ್ಪ ತಮ್ಮ ಮೇಲೆ ವಿರಾಜಮಾನರಾಗಿದ್ದರು, ಅಕ್ಕ ಅವರ ಹಿಂದೆ ಕೂತಿದ್ದಳು. "ಬಾಳೇಶಾ, ಚೂರ ಗಾಡಿ ನಿಂದ್ರಸೋ ತಮ್ಮಾ, ಹೊಟ್ಟಿ ತೊಳಸಾಕ ಹತ್ತೇತಿ" ಎಂದು ಅಕ್ಕ ಅಂದಳು. ನಿಜಗುಣಪ್ಪನವರು ಹಿಂತಿರುಗದೆಯೇ, "ಇನ್ನೇನ್ ಬಂತ್ ಬಿಡ್ರಿ ಅತ್ತಿ, ಎರಡ ಕಿಲೋಮೀಟರ್, ತಡಕೋರಿ" ಎಂದರು. ಅಕ್ಕ ತಡೆದುಕೊಂಡಳು. ಒಂದು ಕಿಲೋಮೀಟರ್ ಪೂರ್ತಿ ತಡೆದುಕೊಂಡಳು. ಎರಡನೆಯದರಲ್ಲಿ, ಬೆಳಗಿನ ಉಪ್ಪಿಟ್ಟು ಹಾಗೂ ಎರಡು ಕಪ್ ಚಹಾ ತಮ್ಮ ತಲೆದಿಂಬನ್ನು ದಾಟಿ ನಿಜಗುಣಪ್ಪನವರ ಇಸ್ತ್ರಿಯ ಅಂಗಿಯ ಕಾಲರಿನೊಳಗೆ ಇಳಿದವು. ತಮಗೂ ಕೆಲವು ಹನಿ ತಾಗಿದವು. ಪ್ಲಾಸ್ಟಿಕ್ ಹಾಳೆಯ ಪ್ರಯೋಜನ ನಮಗೆಲ್ಲ ಮನದಟ್ಟಾದದ್ದು ಅಂದೇ.

ಅಕ್ಕನನ್ನು ಯಾರೂ ಬೈಯಲಿಲ್ಲ, ನಮ್ಮದು ಅಂಥ ಮನೆಯಲ್ಲ. "ನಿನಗ ತ್ರಾಸ ಆಕ್ಕೇತಿ ಅಕ್ಕಾ, ನೀ ಮನ್ಯಾಗ ಆರಾಮ ಇರು" ಎಂದು ಅಣ್ಣ ಬಹಳ ಪ್ರೀತಿಯಿಂದ ಹೇಳಿದ, ಅಂದಿನಿಂದ ಅವಳು ಮನೆಯಲ್ಲಿ ಆರಾಮವಾಗಿದ್ದಳು. ಅವಳ ಬೆನ್ನಿಗೆ ಹುಟ್ಟಿದ ತಂಗಿ, ನಮ್ಮ ಸಾವಿತ್ರೆವ್ವ, ಸೊಂಟ ಮುರಿದುಕೊಂಡು ರಾಮದುರ್ಗದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಬಸ್ಸಿನ ಮೆಟ್ಟಿಲು ಅಕ್ಕನ ಕಾಲಿಗೆ ಎತ್ತರ. ಇಬ್ಬರೂ ದಿನಾ ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಆದರೆ ಫೋನಿನಲ್ಲಿ ತಂಗಿಯ ತಲೆಗೆ ಎಣ್ಣೆ ಹಚ್ಚಲು ಬರುವುದಿಲ್ಲ ಎಂಬುದು ಅಕ್ಕನ ದೂರಾಗಿತ್ತು.

ಒಮ್ಮೆ ನನ್ನ ಹೆಂಡತಿ ಭಾಗೀರಥಿ, "ಮುಂದ ಕುಂತ್ರ ವಾಂತಿ ಬರೂದಿಲ್ಲಂತ, ಅಕ್ಕಾರ್‍ನ ಮುಂದ ಕುಂಡ್ರಸ್ರೆಲ್ಲ" ಎಂದಳು. ತಾವು ಎಂಥ ಧನ್ವಂತರಿಗಳೆಂಬುದು ಆಗ ಬೆಳಕಿಗೆ ಬಂತು. ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಅಣ್ಣನಿಗೆ ಆ ಕ್ಷಣದಲ್ಲಿ ಮೊಣಕಾಲು ಹಿಡಿಯಿತು. ಹಿಂದೆ ಕೂತರೆ ತಲೆ ತಿರುಗುವುದೆಂದು ನಿಜಗುಣಪ್ಪನವರು, ಜೀವಮಾನದಲ್ಲಿ ಒಮ್ಮೆಯೂ ಹಿಂದೆ ಕೂತಿರದಿದ್ದರೂ, ಖಚಿತವಾಗಿ ಹೇಳಿದರು. ಸುಳ್ಳೇಕೆ, ನನಗೂ ಎಡಗಡೆಯ ಸೊಂಟದಲ್ಲಿ ಏನೋ ಛಳಕು ಬಂದಂತಾಯಿತು. ಈ ಎಲ್ಲ ರೋಗಗಳೂ ತಮ್ಮ ಮೇಲೆ ಕೂತ ಕೂಡಲೇ ವಾಸಿಯಾಗುತ್ತವೆ, ಇಳಿದ ಮೇಲೂ ಮರುಕಳಿಸುವುದಿಲ್ಲ. ಯಾವ ದವಾಖಾನೆಗೂ ಈ ಕೀರ್ತಿ ಇಲ್ಲ. ಆದರೆ ನಿಜವಾಗಿ ಕಾಯಿಲೆ ಇದ್ದ ಒಬ್ಬಳನ್ನು ಮಾತ್ರ ತಾವು ಈ ಸಲದ ಸೀಗಿ ಹುಣ್ಣಿಮೆಯವರೆಗೆ ಪರೀಕ್ಷಿಸಿಯೂ ನೋಡಿರಲಿಲ್ಲವೆಂಬುದನ್ನು ವಿನಯಪೂರ್ವಕವಾಗಿ ಗಮನಕ್ಕೆ ತರುತ್ತೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟು. ತಾವು ದಯಮಾಡಿ ಉದ್ದವಾಗಬೇಕು. ಎಷ್ಟೆಂದರೆ ಅಳಿಯ, ಬೀಗರು, ಅಣ್ಣ, ತಮ್ಮ ಎಲ್ಲರೂ ಒಂದೇ ಸಾಲಿನಲ್ಲಿ ಮುಂದೆಯೇ ಕೂಡುವಷ್ಟು. ಅದಕ್ಕಾಗಿ ಸವದತ್ತಿಯಿಂದ ರಾಮದುರ್ಗದವರೆಗೆ ರಸ್ತೆಯನ್ನು ಎರಡೂ ಕಡೆ ನಾಲ್ಕು ಹೊಲ ಅಗಲ ಮಾಡಬೇಕಾದರೆ ನಮ್ಮ ಹೊಲವನ್ನು ಮೊದಲು ಬಿಟ್ಟುಕೊಡುತ್ತೇವೆ. ಅದು ಆಗದಿದ್ದರೆ ಕಾರನ್ನೇ ಹಿಂದುಮುಂದಾಗಿ ಓಡಿಸುವ ಏರ್ಪಾಡು ಮಾಡಿರಿ, ಆಗ ಹಿಂದಿನವರೇ ಮುಂದಿನವರಾಗುತ್ತಾರೆ.

ಹೊಲದಲ್ಲಿ ಅಕ್ಕ ಈ ಸಿರಸಂಗಿಯ ಕಥೆಯನ್ನು, ನಿಜಗುಣಪ್ಪನವರು ಕಾಲರ್ ಬಿಚ್ಚಿದ ಭಂಗಿಯ ಸಮೇತ, ತನ್ನನ್ನೇ ನಗೆಗೀಡು ಮಾಡಿಕೊಂಡು ಹೇಳಿದಳು. ನಾವು ತುತ್ತು ನೆತ್ತಿಗೇರುವಷ್ಟು ನಕ್ಕೆವು, ನಿಜಗುಣಪ್ಪನವರೂ ನಕ್ಕರು. ನಗು ಇಳಿದ ಮೇಲೆ ಅಕ್ಕ ನಮ್ಮ ರೊಟ್ಟಿಯ ಮೇಲೆ ಎಣ್ಣಿಗಾಯಿ ಬಡಿಸುತ್ತ ಅಂದಳು: "ನಾಳೆ ಸಾವಿತ್ರಿ ಮೊಮ್ಮಗಳ್ನ ತೊಟ್ಟಲದಾಗ ಹಾಕೋ ಕಾರ್ಯ ಐತೆಲ್ಲ, ಆಕಿ ಮತ್ತ ಕೇಳಿದ್ಳು, ನೀ ಯಾವಾಗ ಬರ್ತಿ ಅಂತ. ಮುಂದಿನ ಸೀಟಿನಾವ್ರಿಗೆ ಆರಾಮ ಆಗ್ಲಿ, ಬರತೇನಿ ಅಂದೇನಿ." ಆಮೇಲೆ ಯಾರೂ ಎರಡನೆಯ ಸಲ ಎಣ್ಣಿಗಾಯಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ರಾಮದುರ್ಗಕ್ಕೆ ಹೊರಡುವ ಹೊತ್ತಿಗೆ, ಆ ಕಥೆ ಕೇಳಿದ ಅಣ್ಣ, ನಿಜಗುಣಪ್ಪನವರು, ನಾನು ಮೂವರೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಬೇಗ ಬಂದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದೆವು. ಭಾಗೀರಥಿ ತಮ್ಮ ಮೇಲೆ ಪೇಪರ್ ಹಾಸಿ ಮುಂದಿನ ಬಾಗಿಲು ತೆರೆದು ನಿಂತಳು. ಅಕ್ಕ ಅಂಗಳಕ್ಕೆ ಬಂದು ಒಳಗೆ ಬಗ್ಗಿ ನೋಡಿ, "ಏನ್ರೋ, ಮೂರೂ ಮಂದಿ ಬ್ಯಾನಿ ಒಮ್ಮೆಲೆ ಹೋತೇನು?" ಎಂದಳು. ನಾವು ಕಿಟಕಿಯ ಹೊರಗೆ ನೋಡಿದೆವು. ಅವಳು ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಎಣ್ಣೆಯ ಬಾಟಲಿ ಹಿಡಿದು ತಮ್ಮ ಮೇಲೆ ಕೂತಳು. ದಾರಿಯುದ್ದಕ್ಕೂ ಅವಳಿಗೆ ಏನೂ ಆಗಲಿಲ್ಲ. ರಾಮದುರ್ಗ ಹತ್ತಿರ ಬಂದಾಗ ಹಿಂದಿನಿಂದ ನಿಜಗುಣಪ್ಪನವರು ಸಣ್ಣ ದನಿಯಲ್ಲಿ, "ಬಾಳೇಶ, ಚೂರ ಗಾಡಿ ನಿಂದ್ರಸಪಾ" ಎಂದರು. ಅವರ ತಲೆ ನಿಜವಾಗಿಯೂ ತಿರುಗುತ್ತಿತ್ತು. ಅಕ್ಕ ಹಿಂತಿರುಗದೆಯೇ, "ಇನ್ನೇನ್ ಬಂತ್ ಬಿಡ್ರಿ ಅಳಿಯಂದ್ರ, ಎರಡ ಕಿಲೋಮೀಟರ್" ಎಂದಳು. ಸ್ವಲ್ಪ ದೂರ ಹೋದ ಮೇಲೆ ನಿಂಬೆಹಣ್ಣನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿ, ಕಾರು ನಿಲ್ಲಿಸಲು ಬಾಳೇಶನಿಗೆ ಸನ್ನೆ ಮಾಡಿದಳು. ಊರು ಮುಟ್ಟಿದ ಮೇಲೆ ಅವಳು ತೊಟ್ಟಿಲ ಕಡೆಗೂ ಹೋಗದೆ ನೇರ ಒಳಗಿನ ಕೋಣೆಗೆ ನಡೆದು, ತಂಗಿಯ ಜಡೆ ಬಿಚ್ಚಿದಳು.

ಉದ್ದವಾಗುವ ಬಗ್ಗೆ ತಮ್ಮ ಉತ್ತರವನ್ನು ಎದುರು ನೋಡುತ್ತಿರುವ,

ತಮ್ಮ ವಿಶ್ವಾಸಿ,
ಬಸವಣ್ಣೆಪ್ಪ
ಹಿಂದಿನ ಸೀಟು, ನಡುವಿನ ಜಾಗ

ತಾಜಾಕಲಂ: ಅಕ್ಕ ಹದಿನೈದು ದಿನ ತಂಗಿಯ ಹತ್ತಿರ ಇರುತ್ತೇನೆಂದು ಅಲ್ಲಿಯೇ ಉಳಿದಳು. ಕಾರು ಹೊರಡುವ ಮುಂಚೆ ಬಂದು, ಕಿಟಕಿಯಿಂದ ಕೈ ಹಾಕಿ, ತನ್ನ ಟವೆಲನ್ನು ತಮ್ಮ ಮೇಲೆ ಎಸೆದು ಹೋದಳು. ಮರಳುವಾಗ ನಾವು ಮೂವರೂ ಹಿಂದೆಯೇ ಕೂತೆವು, ತಾವು ಟವೆಲ್ ಹೊದ್ದು ಒಬ್ಬರೇ ಮುಂದೆ ಬಂದಿರಿ. ಇಂದಿಗೆ ಹನ್ನೊಂದು ದಿನ, ಟವೆಲ್ ಹಾಗೆಯೇ ಇದೆ. ಅಣ್ಣನ ಮೊಣಕಾಲು ಹಿಂದಿನ ಸೀಟಿನಲ್ಲಿಯೇ ಗುಣವಾಗಿದೆ. ತಮ್ಮ ವೈದ್ಯಕೀಯ ಕೀರ್ತಿಗೆ ಇದರಿಂದ ಧಕ್ಕೆಯಾಗಿದ್ದರೆ ಕ್ಷಮಿಸಬೇಕು.